ಮರಳು ನೀರಾಗುವ ನೆಲದಲ್ಲಿ ಮನೆಯ ಪಾಯ

"ಪೈಲ್ ಹಾಕಿಸಿಬಿಟ್ಟರೆ ಚಿಂತೆಯಿಲ್ಲವಲ್ಲ, ಮೇಡಂ?" ಹೊಳೆಯ ಬಯಲಿನಲ್ಲೋ ಮಣ್ಣು ತುಂಬಿಸಿದ ತಗ್ಗಿನಲ್ಲೋ ಮನೆ ಕಟ್ಟಲು ಹೊರಟವರು ನನ್ನ ಮೇಜಿನ ಮೇಲೆ ನಕ್ಷೆ ಹರಡಿ ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ. ಪೈಲ್ ಎಂದರೆ ಕೆಳಗಿನ ಗಟ್ಟಿ ಪದರ ಮುಟ್ಟುವಂತೆ ನೆಲದೊಳಗೆ ಆಳಕ್ಕೆ ಇಳಿಸುವ ಕಂಬ. ಮಣ್ಣಿನ ತನಿಖಾ ವರದಿ ಓದಿ, ಅಲ್ಲಿ ಎಂಥ ಪಾಯ ನಿಲ್ಲುತ್ತದೆ ಎಂದು ಹೇಳುವುದು ನನ್ನ ಕಸುಬು. ಭೂಕಂಪಕ್ಕೆ ಈಡಾಗುವ ಮರಳು ನೆಲದ ಮಟ್ಟಿಗೆ ಈ ಪ್ರಶ್ನೆಗೆ ನಾನು ಸುಲಭವಾಗಿ ಹೌದು ಎನ್ನುವುದಿಲ್ಲ. ಅಲ್ಲಿ ಮನೆ ಕದಲಲೇಬಾರದು ಎಂಬ ಹಟಕ್ಕಿಂತ, ಕದಲಿದರೂ ಇಡಿಯಾಗಿ ಉಳಿಯಬೇಕು, ವಾಲಿದರೆ ಮತ್ತೆ ಎತ್ತಿ ಮಟ್ಟ ಮಾಡುವಂತಿರಬೇಕು ಎಂದು ಯೋಚಿಸುವುದು ಮೇಲು. ಬಾಯಲ್ಲಿ ಹೇಳುವಾಗ ಅರ್ಧಕ್ಕೆ ನಿಲ್ಲುವ ಈ ಮಾತನ್ನು ಒಮ್ಮೆ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಮೊದಲು, ಆ ನೆಲದಲ್ಲಿ ಆಗುವುದೇನು? ಸಡಿಲವಾಗಿ ಕೂತ ಮರಳಿನ ಕಣಗಳು ಒಂದಕ್ಕೊಂದು ತಾಗಿಕೊಂಡು ಮೇಲಿನ ಭಾರವನ್ನು ಕೆಳಕ್ಕೆ ದಾಟಿಸುತ್ತಿರುತ್ತವೆ. ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಅವುಗಳ ಸಂದುಗಳಲ್ಲೆಲ್ಲ ನೀರು ತುಂಬಿರುತ್ತದೆ. ನೆಲ ಅದುರಿದಾಗ ಕಣಗಳು ಒತ್ತಾಗಿ ಕೂರಲು ಹವಣಿಸುತ್ತವೆ. ಆದರೆ ಸಂದಿನ ನೀರಿಗೆ ಅಷ್ಟು ಬೇಗ ಹೊರಹೋಗಲು ದಾರಿಯಿಲ್ಲ. ಕಣಗಳು ಹೊರುತ್ತಿದ್ದ ಭಾರ ನೀರಿನ ಮೇಲೆ ಬೀಳುತ್ತದೆ, ನೀರಿನ ಒತ್ತಡ ಏರುತ್ತದೆ, ಕಣಗಳ ನಡುವಿನ ಹಿಡಿತ ಸಡಿಲಗೊಳ್ಳುತ್ತದೆ. ಒಂದೊಂದು ಅಲುಗಾಟಕ್ಕೂ ಒತ್ತಡ ಹೀಗೆ ಏರುತ್ತ ಹೋಗಿ, ಕೊನೆಗೆ ಹಿಡಿತ ಪೂರ್ತಿ ಕಳಚಿದಾಗ ಆ ಪದರ ಮಣ್ಣಿನ ಗುಣ ಬಿಟ್ಟು ದ್ರವದ ಗುಣ ತಾಳುತ್ತದೆ. ಇದೇ ದ್ರವೀಕರಣ. ಒತ್ತಡ ಹಂತಹಂತವಾಗಿ ಏರುವುದರಿಂದ ಅಲುಗಾಟ ಎಷ್ಟು ಜೋರು ಎಂಬುದರ ಜೊತೆಗೆ ಎಷ್ಟು ಹೊತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. 2011ರ ಮಾರ್ಚ್ 11ರ ಜಪಾನ್ ಭೂಕಂಪದಲ್ಲಿ ಕೇಂದ್ರದಿಂದ ನೂರಾರು ಕಿಲೋಮೀಟರ್ ದೂರವಿದ್ದ ಟೋಕಿಯೊ ಕೊಲ್ಲಿಯ ಉರಯಾಸು ನಗರದಲ್ಲಿ ಸಮುದ್ರ ತುಂಬಿಸಿ ಮಾಡಿದ ನೆಲ ದ್ರವೀಕರಣಗೊಂಡಿತು. ಅಲ್ಲಿ ಅಲುಗಾಟ ವಿಪರೀತ ಜೋರಾಗಿರಲಿಲ್ಲ, ಆದರೆ ಬಹಳ ಹೊತ್ತು ನಡೆಯಿತು.

ಇಂಥ ನೆಲದ ಮೇಲಿನ ಕಟ್ಟಡದ ಗತಿ ತಿಳಿಯಲು ನಾನು ಎಲ್ಲರಿಗೂ ತೋರಿಸುವ ಚಿತ್ರ ನೀಗಾಟಾದ್ದು. 1964ರ ಜೂನ್ 16ರಂದು 7.5 ಪರಿಮಾಣದ ಭೂಕಂಪವಾದಾಗ ಆ ಜಪಾನಿ ನಗರದ ಕವಾಗಿಶಿಚೊ ಬಡಾವಣೆಯ ನಾಲ್ಕು ಮಹಡಿಯ ವಸತಿ ಕಟ್ಟಡಗಳು ಸಾಲಾಗಿ ವಾಲಿದವು; ಒಂದಂತೂ ಬೆನ್ನ ಮೇಲೆ ಮಲಗಿಯೇ ಬಿಟ್ಟಿತು. ಆ ಚಿತ್ರದಲ್ಲಿ ನಾನು ಬೆರಳಿಟ್ಟು ತೋರಿಸುವುದು ಗೋಡೆಗಳನ್ನು. ಅವು ಬಿರಿದಿಲ್ಲ. ಕಿಟಕಿಗಳು ಚೌಕವಾಗಿಯೇ ಇವೆ. ಕಟ್ಟಡ ಸೋತಿರಲಿಲ್ಲ, ಕೆಳಗಿನ ನೆಲ ಕೈಬಿಟ್ಟಿತ್ತು. ಹಾಗೆ ಇಡಿಯಾಗಿ ಉಳಿದದ್ದರಿಂದಲೇ ಅವುಗಳಲ್ಲಿ ಕೆಲವನ್ನು ಆಮೇಲೆ ಜಾಕ್ ಕೊಟ್ಟು ನೇರ ನಿಲ್ಲಿಸಿ ಮತ್ತೆ ಬಳಸಲಾಯಿತು. ನಮ್ಮ ದೇಶದಲ್ಲಿ ಇದಕ್ಕೂ ಮೂರು ದಶಕ ಹಿಂದೆ, 1934ರ ಜನವರಿ 15ರ ಬಿಹಾರ–ನೇಪಾಳ ಭೂಕಂಪದಲ್ಲಿ, ಉತ್ತರ ಬಿಹಾರದ ಸುಮಾರು 300 ಕಿಲೋಮೀಟರ್ ಉದ್ದದ ಪಟ್ಟಿಯಲ್ಲಿ ಮನೆಗಳು ವಾಲಿದವು, ಹೂತುಹೋದವು, ಬಾವಿಗಳು ಮರಳಿನಿಂದ ತುಂಬಿದವು, ಹೊಲಗಳಲ್ಲಿ ಮರಳು ಬುಗ್ಗೆಯಾಗಿ ಎದ್ದಿತು. ಭೂವಿಜ್ಞಾನಿಗಳು ಅದನ್ನು ಕುಸಿತದ ಪಟ್ಟಿ ಎಂದು ಕರೆದು ನಕ್ಷೆಯಲ್ಲಿ ಗುರುತಿಸಿದರು.

ದ್ರವೀಕರಣ ಜನರನ್ನು ಕೊಲ್ಲುವುದಕ್ಕಿಂತ ಮನೆಗಳನ್ನು ಕಸಿಯುವುದೇ ಹೆಚ್ಚು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2011ರ ಫೆಬ್ರವರಿ 22ರ ಭೂಕಂಪದಲ್ಲಿ 185 ಜನ ಸತ್ತರು. ಅವರಲ್ಲಿ ಬಹುಪಾಲು ಜನ ಕಟ್ಟಡಗಳು ಕುಸಿದು ಸತ್ತವರು. ಕೆಳಗಿನ ಮಣ್ಣು ನೀರಾಗಿ ಹಾಳಾದ ಬಡಾವಣೆಗಳಲ್ಲಿ ಜೀವ ಉಳಿಯಿತು, ಮನೆ ಉಳಿಯಲಿಲ್ಲ. ಸುಮಾರು 8,000 ಮನೆಗಳಿದ್ದ ನೆಲವನ್ನು ವಾಸಕ್ಕೆ ತಕ್ಕದ್ದಲ್ಲವೆಂದು ಸರಕಾರ ಕೆಂಪು ವಲಯಕ್ಕೆ ಸೇರಿಸಿತು. ಒಂದು ಸಲ ನೀರಾದ ಮರಳು ಆಮೇಲೆ ಗಟ್ಟಿಯಾಗಿ ಕೂತುಬಿಡುತ್ತದೆ ಎಂಬ ನಂಬಿಕೆಯನ್ನೂ ಆ ನಗರ ಅಳಿಸಿಹಾಕಿತು. 2010ರ ಸೆಪ್ಟೆಂಬರ್, 2011ರ ಫೆಬ್ರವರಿ, ಜೂನ್, ಡಿಸೆಂಬರ್: ಅದೇ ಅಂಗಳಗಳಲ್ಲಿ ಮರಳು ಮತ್ತೆ ಮತ್ತೆ ಉಕ್ಕಿ ಬಂತು, ಅದೇ ಜನ ಮತ್ತೆ ಮತ್ತೆ ಸಲಿಕೆ ಹಿಡಿದರು.

ಹಾಗಾಗಿ ನನ್ನ ಬಳಿ ಬಂದವರನ್ನು ನಾನು ಮೊದಲು ಕೇಳುವುದು, ಭೂಕಂಪದ ಮರುದಿನ ನಿಮ್ಮ ಮನೆ ಹೇಗಿರಬೇಕು ಎಂದು. ನ್ಯೂಜಿಲೆಂಡಿನ ವಿನ್ಯಾಸ ಪದ್ಧತಿಯಲ್ಲಿ ಸಾಮಾನ್ಯ ಮನೆಗೆ ಎರಡು ಮಟ್ಟದ ಅಲುಗಾಟ ಹಿಡಿಯುತ್ತಾರೆ: ಸರಾಸರಿ 25 ವರ್ಷಕ್ಕೊಮ್ಮೆ ಬರಬಹುದಾದದ್ದು, 500 ವರ್ಷಕ್ಕೊಮ್ಮೆ ಬರಬಹುದಾದದ್ದು. ಮೊದಲನೆಯದು ಬಂದು ಹೋದ ಮೇಲೆ ಮನೆಯಲ್ಲಿ ವಾಸ ಮುಂದುವರಿಯಬೇಕು. ಎರಡನೆಯದರಲ್ಲಿ ಜೀವ ಉಳಿಯಬೇಕು. ಮನೆ ರಿಪೇರಿಗೆ ದಕ್ಕಬೇಕು ಎಂಬುದು ಇವೆರಡರ ನಡುವೆ ಎಲ್ಲೋ ಬರುವ ಮಾತು. ಪಾಯದ ವಿನ್ಯಾಸದ ತಿರುಳು ಇರುವುದು ಅಲ್ಲೇ ಎಂದು ನನ್ನ ಅನಿಸಿಕೆ. ಸ್ವಲ್ಪ ವಾಲಿದರೇನಂತೆ ಎನ್ನುವವರಿಗೆ ನಾನು ಉರಯಾಸುವಿನ ಜನರ ವಿಷಯ ಹೇಳುತ್ತೇನೆ. ಅಲ್ಲಿ ವಾಲಿದ ಮನೆಗಳಲ್ಲಿ ಉಳಿದವರು ತಲೆಸುತ್ತು, ತಲೆನೋವು, ವಾಕರಿಕೆ ಎಂದು ನರಳಿದರು. ಜಪಾನ್ ಸರಕಾರ 2011ರ ಮೇ ತಿಂಗಳಲ್ಲಿ ಹಾನಿಯ ಅಳತೆಗೋಲನ್ನೇ ಬದಲಿಸಿ, ನೂರಕ್ಕೆ ಒಂದರಷ್ಟು ವಾಲಿದ ಮನೆಯನ್ನೂ ಅರ್ಧ ನಾಶವಾದದ್ದೆಂದು ಎಣಿಸತೊಡಗಿತು. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಅಷ್ಟೇ. ಕಣ್ಣಿಗೆ ಕಾಣುವ ಮೊದಲೇ ದೇಹಕ್ಕೆ ಅದು ಗೊತ್ತಾಗುತ್ತದೆ.

ಇನ್ನು ವರದಿಯ ಮಾತು. ವರದಿ ಕೈಗೆ ಬಂದೊಡನೆ ನಾನು ಹುಡುಕುವುದು ಅಂತರ್ಜಲ ಎಷ್ಟು ಆಳದಲ್ಲಿದೆ, ಅದನ್ನು ಅಳೆದದ್ದು ಯಾವ ತಿಂಗಳು ಎಂಬುದನ್ನು. ಬೇಸಿಗೆಯ ಕೊನೆಯಲ್ಲಿ ಅಳೆದ ನೀರಿನ ಮಟ್ಟ ಇಟ್ಟುಕೊಂಡು ದ್ರವೀಕರಣದ ಲೆಕ್ಕ ಮಾಡಿದರೆ ಅದು ಸಮಾಧಾನಕ್ಕೆ ಮಾಡಿಕೊಂಡ ಲೆಕ್ಕ. ಆಮೇಲೆ, ಪರೀಕ್ಷೆಯ ಬಗೆ. 63.5 ಕಿಲೋ ತೂಕದ ಸುತ್ತಿಗೆಯನ್ನು ಮುಕ್ಕಾಲು ಮೀಟರ್ ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುವ ಎಸ್‌ಪಿಟಿ ಎಲ್ಲರಿಗೂ ಪರಿಚಿತ. ಸೀಡ್ ಮತ್ತು ಇದ್ರಿಸ್ ಎಂಬ ಎಂಜಿನಿಯರುಗಳು 1971ರಲ್ಲಿ ಕೊಟ್ಟ ಸರಳ ವಿಧಾನ ಬೆಳೆದದ್ದು ಇದರ ಮೇಲೆಯೇ: ಭೂಕಂಪ ಮಣ್ಣಿನ ಮೇಲೆ ಹೇರುವ ಒತ್ತಾಯ ಒಂದು ಕಡೆ, ಮಣ್ಣು ತಾಳಬಲ್ಲದ್ದು ಇನ್ನೊಂದು ಕಡೆ, ಎರಡನ್ನೂ ಪ್ರತಿ ಪದರಕ್ಕೂ ಹೋಲಿಸಿ ನೋಡುವುದು. ಆದರೆ ಎಸ್‌ಪಿಟಿ ಸಾಮಾನ್ಯವಾಗಿ ಒಂದೂವರೆ ಮೀಟರಿಗೊಮ್ಮೆ ಮಾತ್ರ ಅಳೆಯುತ್ತದೆ. ನಡುವಿನ ಅರ್ಧ ಮೀಟರ್ ಸಡಿಲ ಮರಳು ಕಣ್ತಪ್ಪಿ ಹೋಗಬಹುದು. ಶಂಕುವಿನಾಕಾರದ ತುದಿಯನ್ನು ಸೆಕೆಂಡಿಗೆ 2 ಸೆಂಟಿಮೀಟರಿನಂತೆ ಒಂದೇ ಸಮನೆ ಒತ್ತಿ ಇಳಿಸುವ ಸಿಪಿಟಿಯಲ್ಲಿ ಪದರಗಳೆಲ್ಲ ಬಿಡದೆ ದಾಖಲಾಗುತ್ತವೆ. ಎರಡರಲ್ಲಿ ಒಂದೇ ಸಾಧ್ಯ ಎಂದಾದರೆ ನಾನು ಸಿಪಿಟಿ ಕೇಳುತ್ತೇನೆ. ಮನೆಯ ಒಂದು ಮೂಲೆಯಲ್ಲಿ ಮಾತ್ರವಲ್ಲ, ನಾಲ್ಕೂ ಕಡೆ. ಒಂದೇ ಸಮನಾಗಿ ಕುಸಿಯುವ ನೆಲ ಮನೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಒಂದು ಮೂಲೆ ಕುಸಿದು ಇನ್ನೊಂದು ನಿಂತರೆ ಕೆಡುತ್ತದೆ.

ಮರಳಿಲ್ಲ, ಬರೀ ಗೋಡು ಎಂದು ವರದಿಯಲ್ಲಿ ಬರೆದಿದ್ದರೆ ನೆಮ್ಮದಿಯಾಗಿರುವಂತೆಯೂ ಇಲ್ಲ. 1999ರ ಆಗಸ್ಟ್ 17ರ ಭೂಕಂಪದಲ್ಲಿ ಟರ್ಕಿಯ ಅಡಪಜಾರಿಯಲ್ಲಿ ಕಟ್ಟಡಗಳು ವಾಲಿ ಹೂತುಹೋದದ್ದು ಬಹಳ ಕಡೆ ಅಂಟುಗುಣ ಕಡಿಮೆಯಿರುವ ನುಣ್ಣನೆಯ ಗೋಡಿನ ಮೇಲೆಯೇ. ಜೇಡಿಯ ಪಾಲು ಇಷ್ಟಿದ್ದರೆ ಭಯವಿಲ್ಲ ಎಂಬ ಹಳೆಯ ಸೂತ್ರ ಅಲ್ಲಿ ನಿಲ್ಲಲಿಲ್ಲ.

ಈಗ ಪಾಯಕ್ಕೆ ಬರೋಣ. ನಿವೃತ್ತ ಶಿಕ್ಷಕ ದಂಪತಿಯೊಬ್ಬರ ಮನೆಯ ನೆಲ ನೆನಪಾಗುತ್ತಿದೆ. ಮೇಲೆ ಎರಡೂವರೆ ಮೀಟರ್ ದಪ್ಪದ ಗಟ್ಟಿ ಜೇಡಿ, ಅದರ ಕೆಳಗೆ ನೀರು ತುಂಬಿದ ಸಡಿಲ ಮರಳು. ಮೇಸ್ತ್ರಿ ಎರಡು ಮೀಟರ್ ಆಳದ ಹೊಂಡ ತೆಗೆದು ಕಂಬಗಳಿಗೆ ಬಿಡಿಬಿಡಿ ಪಾಯ ಹಾಕಲು ಸಿದ್ಧನಾಗಿದ್ದ. "ಆಳಕ್ಕೆ ಹೋದಷ್ಟೂ ಗಟ್ಟಿ ಅಲ್ಲವೇ?" ಎಂದರು ಆ ಹಿರಿಯರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ, ಬೇರೆ ನೆಲದಲ್ಲಿ ಅದು ನಿಜವೇ. ಇಲ್ಲಿ ಮಾತ್ರ ಗಟ್ಟಿ ಇರುವುದು ಮೇಲೆ. ಎರಡು ಮೀಟರ್ ತೋಡಿದರೆ ಮನೆಗೂ ಮರಳಿಗೂ ನಡುವೆ ಉಳಿಯುವುದು ಅರ್ಧ ಮೀಟರ್ ಜೇಡಿ. ಜಪಾನಿನ ಎಂಜಿನಿಯರ್ ಇಶಿಹಾರಾ 1985ರಲ್ಲಿ ಹಲವು ಭೂಕಂಪಗಳ ದಾಖಲೆ ಕೂಡಿಸಿ ತೋರಿಸಿದ್ದು ಇದನ್ನೇ: ದ್ರವೀಕರಣಗೊಳ್ಳದ ಮೇಲ್ಪದರ ಸಾಕಷ್ಟು ದಪ್ಪವಿದ್ದರೆ ಕೆಳಗಿನ ಅನಾಹುತ ಮೇಲಕ್ಕೆ ತಲುಪುವುದಿಲ್ಲ. ನೆಲದ ಅಲುಗಾಟದ ಜೋರು ಗುರುತ್ವದ ವೇಗೋತ್ಕರ್ಷದ ಐದನೇ ಒಂದರಷ್ಟಿದ್ದರೆ ಅವರ ನಕ್ಷೆ ಹೇಳುವ ದಪ್ಪ ಸುಮಾರು 3 ಮೀಟರ್. ಆ ಜೇಡಿಯ ಪದರ ಮನೆಯವರ ಆಸ್ತಿ. ಅದನ್ನು ಅಗೆದು ಹಾಳುಮಾಡಬೇಡಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು, ಮೇಸ್ತ್ರಿಯೂ ಒಪ್ಪಿದ. ನೆಲದ ಮೇಲ್ಮಟ್ಟದಲ್ಲೇ ಇಡೀ ಮನೆಯ ಅಡಿಗೆ ಒಂದೇ ಬಿಗಿ ರಾಫ್ಟ್ ಹಾಕಿದೆವು.

ರಾಫ್ಟ್ ಎಂದರೆ ದಪ್ಪ ಚಪ್ಪಡಿ ಎಂದಷ್ಟೇ ತಿಳಿದರೆ ಸಾಲದು. ಅದು ತಟ್ಟೆಯಂತೆ ಇರಬೇಕು: ಕೆಳಗೆ ಆಸರೆ ಎಲ್ಲಿ ತಪ್ಪಿದರೂ ಮೇಲಿನದ್ದು ಚೂರಾಗದೆ ಒಟ್ಟಿಗೆ ವಾಲಬೇಕು. ಕ್ರೈಸ್ಟ್‌ಚರ್ಚ್ ಅನುಭವದ ನಂತರ ನ್ಯೂಜಿಲೆಂಡ್ ಸರಕಾರ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಇದಕ್ಕೊಂದು ಚೆಂದದ ಅಳತೆ ಇದೆ. ಪಾಯದ ಅಡಿಯಲ್ಲಿ ಎಲ್ಲಿ ಬೇಕಾದರೂ 4 ಮೀಟರ್ ಅಗಲದ ನೆಲ ಇಲ್ಲವಾದರೂ ಅದು ದಾಟಿ ನಿಲ್ಲಬೇಕು. ಅಂಚಿನಲ್ಲಿ 2 ಮೀಟರ್ ಇಲ್ಲವಾದರೂ ಚಾಚಿಕೊಂಡು ನಿಲ್ಲಬೇಕು. ಯಾವ ಜಾಗ ಕುಸಿಯುತ್ತದೆಂದು ಮೊದಲೇ ಗೊತ್ತಿರುವುದಿಲ್ಲ, ಆದ್ದರಿಂದ ತೊಲೆಗಳ ಮೇಲೂ ಕೆಳಗೂ ಕಂಬಿ ಬೇಕು, ಎರಡೂ ದಿಕ್ಕಿಗೆ ತೊಲೆ ಬೇಕು. ಮನೆಯ ನಡುವೆ ನೆಲ ಕುಸಿದರೆ ಚಪ್ಪಡಿಯ ತಳ ಎಳೆತಕ್ಕೆ ಸಿಗುತ್ತದೆ, ಅಂಚು ಕುಸಿದರೆ ಅದರ ಮೇಲ್ಮೈ. ಅದೇ ದೇಶದಲ್ಲಿ 2011ಕ್ಕೆ ಮೊದಲು ಸಾಧಾರಣ ಮನೆಗಳಿಗೆ ಕಂಬಿಯಿಲ್ಲದ ಕಾಂಕ್ರೀಟ್ ಚಪ್ಪಡಿ ಹಾಕಲು ಅನುಮತಿ ಇತ್ತು. ಅವು ನಡುವೆ ಸೀಳಿದವು. ಅದೇ ವರ್ಷ ನಿಯಮ ಬದಲಾಯಿತು.

ರಾಫ್ಟಿನ ತಳ ನಯವಾಗಿ, ಸಮತಟ್ಟಾಗಿರಬೇಕು ಎಂದೂ ನಾನು ಒತ್ತಾಯಿಸುತ್ತೇನೆ. ನೆಲ ಅಡ್ಡಡ್ಡ ಹಿಗ್ಗುವ ಕಡೆ, ಮಣ್ಣಿನೊಳಗೆ ಇಳಿಬಿಟ್ಟ ತೊಲೆಗಳನ್ನು ಮಣ್ಣು ಹಿಡಿದು ಎಳೆದು ಚಪ್ಪಡಿಯನ್ನು ಹರಿದುಹಾಕುತ್ತದೆ. ತಳ ಸಮತಟ್ಟಾಗಿದ್ದು, ಕೆಳಗೆ ಎರಡು ಪದರ ಪಾಲಿಥೀನ್ ಹಾಳೆ ಹಾಸಿದ್ದರೆ, ನೆಲ ಜಾರಿದರೂ ಚಪ್ಪಡಿ ತನ್ನಷ್ಟಕ್ಕೆ ಉಳಿಯುತ್ತದೆ. ಎರಡು ಹಾಳೆಯ ಈ ಕೆಲಸ ಎಷ್ಟು ಸಣ್ಣದೆಂದರೆ, ನಕ್ಷೆಯಲ್ಲಿ ಬರೆಯದೆ ಬಿಟ್ಟರೆ ಯಾರೂ ಮಾಡುವುದಿಲ್ಲ. ಬರೆಯಿರಿ, ನಿಂತು ಹಾಕಿಸಿ.

ಮೇಲಿನ ಮನೆಯೂ ಪಾಯದ ಲೆಕ್ಕಕ್ಕೆ ಸೇರಿದ್ದೇ. ಮನೆ ಭಾರವಾದಷ್ಟೂ ಹೂತುಹೋಗುವುದು ಹೆಚ್ಚು. ಹಗುರ ಛಾವಣಿ, ಹಗುರ ಗೋಡೆ ಇರಲಿ. ಆಕಾರ ಆಯತವಾಗಿರಲಿ: ಮೂಲೆ ಮುರಿದು ಚಾಚಿದ ಮನೆಗಳು ಕೂಡುವ ಕಡೆಯಲ್ಲೇ ಬಿರಿಯುತ್ತವೆ. ಒಂದು ಭಾಗ ಎರಡು ಮಹಡಿ, ಇನ್ನೊಂದು ಒಂದೇ ಮಹಡಿ ಎಂದಾದರೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕೂರುತ್ತವೆ. ವಾಸ್ತುಶಿಲ್ಪಿಗಳಿಗೆ ಇದು ಹಿಡಿಸದ ಮಾತು ಎಂದು ಬಲ್ಲೆ. ಆದರೆ ಈ ನೆಲದಲ್ಲಿ ಸರಳ ಆಕಾರ ಕೊಡುವ ರಕ್ಷಣೆಯನ್ನು ಯಾವ ಕಂಬಿಯೂ ಕೊಡುವುದಿಲ್ಲ.

ಮತ್ತೆ ಪೈಲ್. ಗಟ್ಟಿ ಪದರ ಹತ್ತಿರದಲ್ಲೇ ಸಿಕ್ಕಿ, ಅಡ್ಡ ಜಾರುವ ಭಯವಿಲ್ಲದಿದ್ದರೆ ಪೈಲ್ ಒಳ್ಳೆಯ ಉತ್ತರ, ನಾನೇ ಹಾಕಿಸಿದ್ದೇನೆ. ಆದರೆ ಅದರ ಸುತ್ತಲಿನ ಮರಳು ನೀರಾದಾಗ ಏನೇನಾಗುತ್ತದೆಂದು ಯೋಚಿಸಿ. ಆ ಎತ್ತರದಷ್ಟೂ ಪೈಲಿಗೆ ಪಕ್ಕದ ಆಸರೆ ತಪ್ಪುತ್ತದೆ. ನೀರು ಹೊರಟು ಮಣ್ಣು ಮತ್ತೆ ಕೂರುವಾಗ ಪೈಲನ್ನು ಕೆಳಕ್ಕೆ ಎಳೆಯುತ್ತದೆ. ಮೇಲಿನ ಗಟ್ಟಿ ಪದರ ಅಡ್ಡಕ್ಕೆ ಸರಿದರೆ ಪೈಲನ್ನು ತಳ್ಳಿ ಮುರಿಯುತ್ತದೆ. ನೀಗಾಟಾದಲ್ಲಿ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಕಟ್ಟಡ 1964ರ ನಂತರವೂ ಬಳಕೆಯಲ್ಲಿತ್ತು; ಸುಮಾರು 20 ವರ್ಷಗಳ ಮೇಲೆ ಅಗೆದಾಗ ಅದರ ಕಾಂಕ್ರೀಟ್ ಪೈಲ್‌ಗಳು ಮುರಿದಿರುವುದು ಕಂಡಿತು. ಅಷ್ಟು ಕಾಲವೂ ಅದು ಯಾರಿಗೂ ಗೊತ್ತಿರಲಿಲ್ಲ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಾಂಡ್ಲಾ ಬಂದರಿನ ಕಚೇರಿ ಗೋಪುರ 18 ಮೀಟರ್ ಉದ್ದದ ಪೈಲ್‌ಗಳ ಮೇಲೆ ನಿಂತಿದ್ದೂ ವಾಲಿತು. ರಾಫ್ಟ್ ಹಾಳಾದರೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಪೈಲ್ ಹಾಳಾದರೆ ಹತ್ತು ಮೀಟರ್ ಕೆಳಗೆ ಹೋಗಿ ನೋಡುವವರು ಯಾರು? ಸಣ್ಣ ಮನೆಗೆ ನಾನು ರಾಫ್ಟಿನ ಕಡೆ ವಾಲಲು ಇದೇ ದೊಡ್ಡ ಕಾರಣ.

ಗಟ್ಟಿ ಮೇಲ್ಪದರ ಇಲ್ಲದ ಕಡೆ ಅದನ್ನು ನಾವೇ ಮಾಡಬಹುದು. ಮೇಲಿನ ಒಂದು ಮೀಟರಿಗೂ ಸ್ವಲ್ಪ ಹೆಚ್ಚು ಮಣ್ಣು ತೆಗೆದು, ಜಿಯೋಗ್ರಿಡ್ ಬಲೆಯ ಪದರಗಳ ನಡುವೆ ಜಲ್ಲಿ ಹಾಕಿ ದಮ್ಮಸು ಮಾಡುವುದು ಒಂದು ದಾರಿ. ನೆಲದಲ್ಲಿ ರಂಧ್ರ ಕೊರೆದು ಜಲ್ಲಿಯನ್ನು ಕುಟ್ಟಿ ಕುಟ್ಟಿ ತುಂಬಿಸಿ, ಸುತ್ತಲಿನ ಮರಳನ್ನೂ ಒತ್ತಾಗಿಸುವುದು ಇನ್ನೊಂದು. ಕ್ರೈಸ್ಟ್‌ಚರ್ಚ್‌ನ ಖಾಲಿಯಾದ ಬಡಾವಣೆಗಳಲ್ಲಿ 2013ರಲ್ಲಿ ಇವುಗಳನ್ನೆಲ್ಲ ಮಾಡಿ, ನೆಲದೊಳಗೆ ಸ್ಫೋಟಕ ಸಿಡಿಸಿ, ಕಂಪನ ಹುಟ್ಟಿಸುವ ದೈತ್ಯ ಟ್ರಕ್ ತಂದು ಅದುರಿಸಿ ಪರೀಕ್ಷಿಸಿದರು. ಕುಟ್ಟಿದ ಜಲ್ಲಿಯ ಕಂಬಗಳು ಚೆನ್ನಾಗಿ ತಾಳಿಕೊಂಡವು. ಯಾವುದನ್ನೇ ಆರಿಸಿದರೂ ಅದು ಗೋಡೆಯ ಅಂಚಿಗೆ ನಿಲ್ಲದೆ ಮನೆಯ ಹೊರಗೂ ಚಾಚಿರಲಿ. ಭಾರ ಹೆಚ್ಚಾಗಿ ಬೀಳುವುದು ಅಂಚಿನಲ್ಲೇ, ಪಕ್ಕದ ಮಣ್ಣು ನೀರಾಗಿ ಆಸರೆ ತಪ್ಪುವುದೂ ಅಲ್ಲೇ.

ಕೆಲವು ನಿವೇಶನಗಳಿಗೆ ಮಾತ್ರ ನಾನು ಬೇಡ ಎಂದೇ ಹೇಳುತ್ತೇನೆ. ಹೊಳೆಯ ದಂಡೆ, ಕಾಲುವೆಯ ಏರಿ, ನಿಂತ ನೀರಿನ ಅಂಚು. ಅಲ್ಲಿ ನೀರಾದ ಪದರದ ಮೇಲಿನ ನೆಲ ತೆರೆದ ಬದಿಗೆ ಜಾರುತ್ತದೆ, ದಂಡೆಗೆ ಸಮನಾಗಿ ಉದ್ದುದ್ದ ಬಿರುಕು ಬಿಡುತ್ತದೆ. ಕ್ರೈಸ್ಟ್‌ಚರ್ಚ್‌ನಲ್ಲಿ ಕೆಂಪು ವಲಯದ ಬಹುಪಾಲು ಏವನ್ ನದಿಯ ಉದ್ದಕ್ಕೂ ಇರುವುದು ಆಕಸ್ಮಿಕವಲ್ಲ. ಇನ್ನೂ ಭೀಕರವಾದದ್ದು 2018ರ ಸೆಪ್ಟೆಂಬರ್ 28ರಂದು ಇಂಡೊನೇಷ್ಯಾದ ಪಾಲುವಿನಲ್ಲಿ ನಡೆಯಿತು. ಪೆಟೊಬೊ, ಜೊನೊ ಓಗೆ ಎಂಬಲ್ಲಿ ಕಣ್ಣಿಗೆ ಚಪ್ಪಟೆಯಾಗಿ ಕಾಣುವ ಇಳಿಜಾರಿನಲ್ಲಿ ನೆಲವೇ ಮನೆ, ಮರ, ರಸ್ತೆಗಳ ಸಮೇತ ಹರಿದುಹೋಯಿತು. ಮೇಲ್ಭಾಗದ ನೀರಾವರಿ ಕಾಲುವೆ ಅಂತರ್ಜಲವನ್ನು ಏರಿಸಿಟ್ಟಿತ್ತು. ಅಂಥ ಕಡೆ ಯಾವ ಪಾಯವೂ ಕಾಪಾಡುವುದಿಲ್ಲ. ನಿವೇಶನ ಕೊಳ್ಳದಿರುವುದೊಂದೇ ವಿನ್ಯಾಸ.

ಎಲ್ಲರೂ ಮರೆಯುವುದು ಕೊಳವೆಗಳನ್ನು. ಮನೆ ಒಂದಷ್ಟು ಕೂತು, ಅಂಗಳ ಇನ್ನೊಂದಷ್ಟು ಕೂತರೆ ನೀರಿನ ಮತ್ತು ಒಳಚರಂಡಿಯ ಕೊಳವೆಗಳು ಗೋಡೆಯಿಂದ ಹೊರಬರುವ ಜಾಗದಲ್ಲೇ ಮುರಿಯುತ್ತವೆ. ಮನೆ ನೆಟ್ಟಗೆ ನಿಂತಿದ್ದರೂ ಶೌಚಾಲಯವಿಲ್ಲದೆ ಯಾರೂ ಬಾಳಲಾರರು. ಆದ್ದರಿಂದ ಕೊಳವೆಗಳೆಲ್ಲ ಒಂದೇ ಕಡೆ ಹೊರಬರಲಿ, ಅಲ್ಲಿ ಬಾಗುವ ಜೋಡಣೆ ಇರಲಿ, ಚಪ್ಪಡಿಯ ಅಡಿಯಲ್ಲಿ ಹೋಗುವವನ್ನು ಮಣ್ಣಿನಲ್ಲಿ ಹೂಳದೆ ಚಪ್ಪಡಿಗೇ ತೂಗುಹಾಕಿರಲಿ. ನೆಲದೊಳಗಿನ ಖಾಲಿ ತೊಟ್ಟಿಗಳು ನೀರಾದ ಮರಳಿನಲ್ಲಿ ತೇಲಿ ಮೇಲೆದ್ದು ಬರುತ್ತವೆ. ಅವುಗಳನ್ನು ಮನೆಗೆ ಅಂಟಿಸಿ ಕಟ್ಟಬೇಡಿ. ನೆಲ ಕುಸಿದ ಮೇಲೆ ಅದೇ ಜಾಗಕ್ಕೆ ಮಳೆನೀರು ಮೊದಲಿಗಿಂತ ಹೆಚ್ಚು ನುಗ್ಗುತ್ತದೆ ಎಂಬುದನ್ನು ನೆನಪಿಟ್ಟು ಮನೆಯ ಒಳನೆಲವನ್ನು ತುಸು ಎತ್ತರಿಸಿ.

ಇನ್ನು, ಎತ್ತುವ ಏರ್ಪಾಟು. ಜಾಕ್ ಇಡುವ ಜಾಗಗಳನ್ನು ತೊಲೆಯ ಕೆಳಗೆ ಮೊದಲೇ ಗುರುತಿಸಿ, ಅಲ್ಲಿ ಕಂಬಿ ಹೆಚ್ಚಿಸಿ, ಹೊರಗಿನಿಂದ ತಲುಪುವಂತೆ ಬಿಡಬೇಕು. ಚಪ್ಪಡಿಯ ಕೆಳಗೆ ಸಿಮೆಂಟ್ ಹಾಲು ತುಂಬಿಸಲು ಕೊಳವೆಯ ಬಾಯಿಗಳನ್ನೂ ಈಗಲೇ ಇಟ್ಟರೆ ಆಮೇಲೆ ಒಡೆಯಬೇಕಿಲ್ಲ. ಮನೆ ಮುಗಿದ ದಿನವೇ ಪ್ರತಿ ಕೋಣೆಯ ನಾಲ್ಕು ಮೂಲೆಗಳ ಮಟ್ಟ ಅಳೆದು ಬರೆದಿಟ್ಟುಕೊಳ್ಳಿ. ಭೂಕಂಪದ ನಂತರ ಎಷ್ಟು ಕೂತಿತು ಎಂದು ತಿಳಿಯಲು ಮೊದಲು ಎಷ್ಟಿತ್ತು ಎಂಬುದು ಬೇಕೇಬೇಕು. ನ್ಯೂಜಿಲೆಂಡಿನ ಮಾರ್ಗಸೂಚಿಯ ಪ್ರಕಾರ ಇಳಿಜಾರು ಇನ್ನೂರಕ್ಕೆ ಒಂದಕ್ಕಿಂತ ಕಡಿಮೆ, ಇಡೀ ಮನೆಯ ಏರಿಳಿತ 50 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಎತ್ತುವ ಅಗತ್ಯವಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಮೊದಲು ಒಳಚರಂಡಿಯ ಕೊಳವೆ ಬಿಡಿಸಿ, ಅದರ ಇಳಿಜಾರು ಯಾವ ದಿಕ್ಕಿಗಿದೆ ಎಂದು ನೋಡಿ, ಆಮೇಲೆ ಜಾಕ್ ಹಚ್ಚಿ. ಈ ಅಳತೆಯ ಹಾಳೆ, ಪಾಯದ ನಕ್ಷೆ, ಮಣ್ಣಿನ ವರದಿ ಮೂರನ್ನೂ ಮನೆಯ ಪತ್ರಗಳ ಜೊತೆಗೇ ಇಡಿ, ಮನೆ ಮಾರಿದರೆ ಕೊಂಡವರ ಕೈಗೆ ಕೊಡಿ.